ಮುದಿ ಬೆಕ್ಕಿಗೆ ಮೂರು ದಿನದ ಗಡುವು

14 ವರ್ಷದ ಹೆಣ್ಣು ಬೆಕ್ಕು ಅಂದುಕೊಳ್ಳಿ. ಎರಡು ವರ್ಷದ ಹಿಂದೆ 4.5 ಕಿಲೋ ತೂಗುತ್ತಿದ್ದದ್ದು ಈಗ 3.2. ಬೆನ್ನ ಮೇಲೆ ಕೈಯಾಡಿಸಿದರೆ ಮಣಿಮೂಳೆಗಳನ್ನು ಒಂದೊಂದಾಗಿ ಎಣಿಸಬಹುದು. ನಾಲ್ಕು ದಿನದಿಂದ ಬಟ್ಟಲು ಮೂಸಿ, ತುಟಿ ನೆಕ್ಕಿಕೊಂಡು, ಮುಖ ತಿರುಗಿಸುತ್ತಿದೆ. ನೀರಿನ ಮುಂದೆ ಹೋಗಿ ಕೂರುತ್ತದೆ, ಕುಡಿಯುವುದಿಲ್ಲ. ಬಾಯಿ ಹತ್ತಿರ ಮೂಗು ತಂದರೆ ಉಚ್ಚೆಯಂಥ ನಾತ. ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ 9.4. ಅಷ್ಟರಲ್ಲಿ ಕೌಂಟರಿನಿಂದ ಇನ್ನೊಂದು ಚೀಟಿ: ಅಡ್ಮಿಟ್ ಮಾಡುವುದಾದರೆ ಇಷ್ಟು ಅಡ್ವಾನ್ಸ್ ಕಟ್ಟಿ.

ಮುದಿ ಬೆಕ್ಕಿರುವ ಎಷ್ಟೋ ಮನೆಗಳಿಗೆ ಸಂಕಟ ಬರುವುದು ಹೀಗೇ, ಮೂತ್ರಪಿಂಡದ ದಾರಿಯಲ್ಲಿ. ಹಾಗಾಗಿ ಈ ಬರಹಕ್ಕೆ ಅದೊಂದೇ ಕಾಯಿಲೆ ಸಾಕು.

ಆ ಹೊತ್ತಿಗೆ ಬಾಯಿಗೆ ಬರುವ ಪ್ರಶ್ನೆ ಎರಡೇ. ಉಳಿಯುತ್ತಾ? ಎಷ್ಟಾಗುತ್ತೆ? ಮೊದಲ ದಿನ ಎರಡಕ್ಕೂ ನೆಟ್ಟಗಿನ ಉತ್ತರ ಯಾರ ಹತ್ತಿರವೂ ಇರುವುದಿಲ್ಲ. ಮೂರನೆಯದೊಂದಿದೆ, "ಡಾಕ್ಟ್ರೇ, ನಿಮ್ಮ ಬೆಕ್ಕಾಗಿದ್ದರೆ ಏನು ಮಾಡ್ತಿದ್ರಿ?" ಅಂತ. ಅದನ್ನು ಕೇಳುವುದು ತಪ್ಪಲ್ಲ, ಆದರೆ ಭಾರವನ್ನು ಅವರ ಹೆಗಲಿಗೆ ದಾಟಿಸಿದಂತೆ ಅಷ್ಟೆ. ಉತ್ತರ ಸಿಗಬಹುದಾದ ಪ್ರಶ್ನೆ ಬೇರೆ: ಈಗಿರುವ ಸ್ಥಿತಿಯಲ್ಲಿ ಹಳೆಯ, ಸರಿಹೋಗದ ಸವೆತ ಎಷ್ಟು, ಅದರ ಮೇಲೆ ಹೊಸದಾಗಿ ಬಂದು ಕೂತ, ಇಳಿಸಬಹುದಾದ ಹೊರೆ ಎಷ್ಟು? ಐಸಿಯು ಖರ್ಚಿಗೆ ಅರ್ಥ ಇರುವುದು ಎರಡನೆಯದು ಇದ್ದಾಗ ಮಾತ್ರ. ಅದು ಇದೆಯೋ ಇಲ್ಲವೋ ತಿಳಿಯಲು ಹೆಚ್ಚೆಂದರೆ ಮೂರು ದಿನ ಬೇಕು.

ಮೊದಲು ಆ 9.4ರ ವಿಷಯ. ಕ್ರಿಯಾಟಿನಿನ್ ಅಂದರೆ ಸ್ನಾಯುಗಳಿಂದ ದಿನವೂ ರಕ್ತಕ್ಕೆ ಬಂದು ಬೀಳುವ ಕಸ, ಮೂತ್ರಪಿಂಡ ಅದನ್ನು ಗುಡಿಸಿ ಹೊರಹಾಕುತ್ತದೆ. ಜಗತ್ತಿನ ಬಹುತೇಕ ಪಶುವೈದ್ಯರು ಅನುಸರಿಸುವ, ಐರಿಸ್ ಎಂಬ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಕೂಟದ ವರ್ಗೀಕರಣದಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 1.6ರಿಂದ 2.8 ಮಿಲಿಗ್ರಾಂ ಇದ್ದರೆ ಎರಡನೇ ಹಂತ, 2.9ರಿಂದ 5 ಇದ್ದರೆ ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು, ಕೊನೆಯದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಇಷ್ಟು ಓದಿದವರ ಮುಖ ಬಾಡುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವೂ ಕಣ್ಣಿಗೆ ಬೀಳಬಹುದು. ಅದರಲ್ಲಿ ಎರಡನೇ ಹಂತದ ಮೇಲರ್ಧದಲ್ಲಿದ್ದ ಬೆಕ್ಕುಗಳ ಬದುಕಿನ ಮಧ್ಯಮಾಂಕ 1151 ದಿನ, ಮೂರನೇ ಹಂತದ್ದು 778, ನಾಲ್ಕನೆಯದರದ್ದು 103. ಮಧ್ಯಮಾಂಕ ಅಂದಮೇಲೆ ಅರ್ಧದಷ್ಟು ಬೆಕ್ಕುಗಳು ಅದಕ್ಕಿಂತ ಹೆಚ್ಚೇ ಬದುಕಿದವು ಅನ್ನುವುದು ಆ ಗಾಬರಿಯಲ್ಲಿ ತಲೆಗೆ ಹೋಗುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು, ಆ ಹಂತಗಳನ್ನು ಅಳೆಯಬೇಕಾದದ್ದು ಮೈಯಲ್ಲಿ ನೀರು ಸಾಕಷ್ಟಿದ್ದು, ಕಾಯಿಲೆ ಒಂದು ಮಟ್ಟದಲ್ಲಿ ನಿಂತಿರುವ ಬೆಕ್ಕಿಗೆ, ಅದೂ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡಿ. ನಾಲ್ಕು ದಿನ ನೀರು ಬಿಟ್ಟು ಒಣಗಿದ ಬೆಕ್ಕಿನ 9.4ಕ್ಕೆ ಹಂತದ ಹೆಸರಿಡುವುದೇ ತಪ್ಪು. ಡ್ರಿಪ್ ಹಾಕಿದ ಮೇಲೆ ಅದು 4ಕ್ಕೂ ಇಳಿದೀತು, 9ರಲ್ಲೇ ನಿಂತೀತು. ಮೊದಲನೆಯದಾದರೆ ಮೂರನೇ ಹಂತ, ಎರಡನೆಯದಾದರೆ ಮುಗಿಯುತ್ತ ಬಂದ ದಾರಿ. ಎದುರು ದಿಕ್ಕಿನ ಮೋಸವೂ ಉಂಟು. ಕಸ ಬರುವುದು ಸ್ನಾಯುವಿನಿಂದ ತಾನೆ? ಎಲುಬಿನ ಹಂದರವಾದ ಬೆಕ್ಕಿನಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಚೀಟಿಯ ಅಂಕಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ, ಸಿಕ್ಕಿದರೆ ಮಾಡಿಸಿ.

ಹೊಸ ಹೊರೆ ಏನೇನಿರಬಹುದು? ಬರೀ ನಿರ್ಜಲೀಕರಣವೇ ಇರಬಹುದು: ವಾಂತಿ, ಭೇದಿ, ಬೇಸಿಗೆ, ಮನೆಯವರು ಊರಿಗೆ ಹೋಗಿದ್ದಾಗ ಖಾಲಿಯಾದ ನೀರಿನ ಬಟ್ಟಲು. ಮೂತ್ರಪಿಂಡಕ್ಕೆ ಸೋಂಕು ತಗುಲಿರಬಹುದು. ಇದಕ್ಕೆ ಸೂಜಿಯಿಂದ ನೇರ ಮೂತ್ರಕೋಶದಿಂದಲೇ ಮೂತ್ರ ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಬೇಕು, ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ. ಬೆಕ್ಕು ಹೊಯ್ಯುವ ತಟ್ಟೆಯಿಂದ ಬಾಚಿದ ಮೂತ್ರದ ಕಲ್ಚರ್ ನಂಬಲಾಗದು. ಡ್ರಿಪ್‌ಗೆ ಮೊದಲೇ ಮೂತ್ರ ತೆಗೆಸಲು ಇನ್ನೊಂದು ಕಾರಣವೂ ಇದೆ. ಒಣಗಿದ ಬೆಕ್ಕಿನ ಮೂತ್ರಪಿಂಡ ಚೆನ್ನಾಗಿದ್ದರೆ ಮೂತ್ರದ ಸಾಂದ್ರತೆ 1.035 ದಾಟಬೇಕು. 1.010ರ ಆಸುಪಾಸಿನಲ್ಲಿ ನಿಂತಿದ್ದರೆ ಸೋತಿರುವುದು ಮೂತ್ರಪಿಂಡವೇ. ಡ್ರಿಪ್ ಹರಿದ ಮೇಲೆ ಈ ಸುಳಿವು ನೀರಿನಲ್ಲಿ ಕರಗಿಹೋಗುತ್ತದೆ.

ಇನ್ನೊಂದು, ಮೂತ್ರನಾಳದಲ್ಲಿ ಕಲ್ಲು. ಬೆಕ್ಕಿನ ಮೂತ್ರನಾಳದ ಒಳದಾರಿ ಒಂದು ಮಿಲಿಮೀಟರಿಗಿಂತ ಕಿರಿದು. ಒಂದು ಮೂತ್ರಪಿಂಡ ಎಂದೋ ಮುದುಡಿಹೋಗಿ, ಬೆಕ್ಕು ಇನ್ನೊಂದರ ಮೇಲೆ ಬದುಕಿರುತ್ತದೆ. ಆ ಇನ್ನೊಂದಕ್ಕೂ ಕಲ್ಲು ಅಡ್ಡಬಂದ ದಿನ ಒಮ್ಮೆಲೇ ಕುಸಿಯುತ್ತದೆ. ಸ್ಕ್ಯಾನಿಂಗಿನಲ್ಲಿ ಒಂದು ಪುಟ್ಟದು, ಒಂದು ಉಬ್ಬಿದ್ದು ಕಂಡರೆ ಇದನ್ನೇ ಶಂಕಿಸಬೇಕು. ಎಷ್ಟು ಡ್ರಿಪ್ ಹಾಕಿದರೂ ಕಟ್ಟಿದ ಚರಂಡಿ ಬಿಡುವುದಿಲ್ಲ, ಅಲ್ಲಿ ಬೇಕಾಗುವುದು ಶಸ್ತ್ರಚಿಕಿತ್ಸೆ. ಅದು ಎಲ್ಲ ಊರಲ್ಲೂ ಸಿಗುವಂಥದ್ದಲ್ಲ. ಹಾಗಾಗಿ ಅಡ್ಮಿಷನ್ನಿನ ಮೊದಲ ದಿನವೇ ಸ್ಕ್ಯಾನ್ ಆಗಲಿ, ಅದೂ ಬೆಕ್ಕಿನ ಹೊಟ್ಟೆ ನೋಡಿ ರೂಢಿಯಿರುವವರ ಕೈಯಲ್ಲಿ. ಮೂರು ದಿನದ ಡ್ರಿಪ್ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿ ಕಲ್ಲು ಕಂಡರೆ ಹಣವೂ ಹೋಯಿತು, ಹೊತ್ತೂ ಹೋಯಿತು.

ನಾಲ್ಕನೆಯದು ಮನೆಯಿಂದಲೇ ಬರುವುದು. ಕುಂಟಿತೆಂದು ಕೊಟ್ಟ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಪ್ಯಾರಾಸಿಟಮಾಲ್ ಬೇರೆ ದಾರಿಯಲ್ಲಿ, ರಕ್ತ ಆಮ್ಲಜನಕ ಹೊರದಂತೆ ಮಾಡಿ, ಒಂದೇ ಮಾತ್ರೆಯಲ್ಲಿ ಕೊಲ್ಲಬಲ್ಲದು. ಹುಟ್ಟುಹಬ್ಬದ ಬೊಕೆಯಲ್ಲಿ ಬಂದ ಲಿಲಿ ಹೂವೂ ಮೂತ್ರಪಿಂಡಕ್ಕೆ ವಿಷ. ಎಸಳು ಕಚ್ಚಬೇಕೆಂದಿಲ್ಲ, ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಸಾಕು. ಹೂದಾನಿಯ ನೀರೂ ವಿಷವೇ. ಇಂಥದ್ದೇನಾದರೂ ನಡೆದಿದ್ದರೆ ಮುಜುಗರ ಬಿಟ್ಟು ಮೊದಲ ಐದು ನಿಮಿಷದಲ್ಲೇ ವೈದ್ಯರಿಗೆ ಹೇಳಿಬಿಡಿ.

ರಕ್ತದೊತ್ತಡ ಅಳೆಯುವುದನ್ನು ಮಾತ್ರ ಬಹಳ ಕಡೆ ಮರೆಯುತ್ತಾರೆ. ಬೆಕ್ಕಿನಲ್ಲಿ ಮೇಲಿನ ಅಂಕಿ 160 ದಾಟಿದರೆ ಹೆಚ್ಚು, 180 ದಾಟಿದರೆ ಕಣ್ಣಿನ ಅಕ್ಷಿಪಟ ಕಳಚಿ ರಾತ್ರೋರಾತ್ರಿ ಕುರುಡಾಗಬಹುದು. ಹಗಲು ಬೆಳಕಿನಲ್ಲೂ ಪಾಪೆ ದುಂಡಗೆ ಅಗಲವಾಗಿದ್ದರೆ ಅದೇ ಸೂಚನೆ. ಇದಕ್ಕೆ ಕೊಡುವ ಆಮ್ಲೋಡಿಪಿನ್ ಅಗ್ಗದ ಮಾತ್ರೆ. ಸಾಮಾನ್ಯವಾಗಿ 2.5 ಮಿಲಿಗ್ರಾಂನ ಕಾಲುಭಾಗದಿಂದ ಶುರು ಮಾಡುತ್ತಾರೆ.

ಇನ್ನು ಡ್ರಿಪ್. ನಮ್ಮಲ್ಲಿ ಬಾಟಲಿ ತೂಗಿದರೆ ಸಾಕು, ಎಲ್ಲವೂ "ಗ್ಲೂಕೋಸ್". ಈ ಬೆಕ್ಕಿಗೆ ಹರಿಸುವುದು ಸಕ್ಕರೆ ನೀರಲ್ಲ, ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಅಥವಾ ಅಂಥದ್ದೇ ಉಪ್ಪಿನ ದ್ರಾವಣ. ಲೆಕ್ಕ ಸರಳ. ಚರ್ಮ ಎತ್ತಿ ಬಿಟ್ಟರೆ ನಿಧಾನಕ್ಕೆ ಕೂರುವುದು, ಒಸಡು ಅಂಟುಅಂಟಾಗಿರುವುದು ಇವನ್ನೆಲ್ಲ ನೋಡಿ ವೈದ್ಯರು ನಿರ್ಜಲೀಕರಣ ಶೇಕಡ 8 ಎಂದು ಅಂದಾಜಿಸಿದರು ಅನ್ನಿ. 3.2 ಕಿಲೋದ ಶೇಕಡ 8 ಅಂದರೆ ಸುಮಾರು 256 ಮಿಲಿಲೀಟರ್ ಬಾಕಿ. ದಿನದ ಸಹಜ ಅಗತ್ಯ ಕಿಲೋಗೆ 50ರಂತೆ 160. ಎರಡೂ ಸೇರಿ 416, ಅದನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 17 ಮಿಲಿಲೀಟರ್. ವಾಂತಿ ಇದ್ದರೆ ಅದನ್ನೂ ಸೇರಿಸಬೇಕು. ದೊಡ್ಡವರಿಗೆ ಬಳಸುವ, ಮಿಲಿಲೀಟರಿಗೆ 20 ಹನಿಯ ಐವಿ ಸೆಟ್‌ನಲ್ಲಿ ಇದು ಹತ್ತು ಸೆಕೆಂಡಿಗೆ ಒಂದು ಹನಿ. ಬೆಕ್ಕು ಮೊಣಕೈ ಮಡಚಿದರೆ ನಿಲ್ಲುತ್ತದೆ, ನೆಟ್ಟಗೆ ಮಾಡಿದರೆ ಸುರಿಯುತ್ತದೆ. ಅದಕ್ಕೇ ಮಕ್ಕಳ ವಾರ್ಡಿನ 60 ಹನಿಯ ಮೈಕ್ರೋಡ್ರಿಪ್ ಸೆಟ್ ಬೇಕು, ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಅಡ್ಮಿಟ್ ಮಾಡುವ ಮೊದಲು "ಇನ್ಫ್ಯೂಷನ್ ಪಂಪ್ ಇದೆಯಾ?" ಎಂದು ಕೇಳಲು ನಾಚಿಕೆ ಬೇಡ.

ಅದಕ್ಕಿಂತ ಮುಖ್ಯವಾದದ್ದು, ರಾತ್ರಿ ಯಾರಿರುತ್ತಾರೆ? ಎಷ್ಟೋ ಕಡೆ ಅಡ್ಮಿಷನ್ ಅಂದರೆ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ, ಪಂಜರದಲ್ಲಿ ಬೆಕ್ಕನ್ನೂ ಬಾಟಲಿಯನ್ನೂ ಬಿಟ್ಟು ಹೋಗುವುದು. ಹೊರಗೆ ಕಾವಲುಗಾರನಿದ್ದರೆ ಅದು ರಾತ್ರಿಪಾಳಿ ಅಲ್ಲ. ಹನಿಯ ವೇಗ, ಉಸಿರಾಟದ ಎಣಿಕೆ ನೋಡುವವರಿಲ್ಲದ ಕಡೆ ರಾತ್ರಿಯಿಡೀ ಡ್ರಿಪ್ ಹರಿಸುವುದು ಡ್ರಿಪ್ ಇಲ್ಲದಿರುವುದಕ್ಕಿಂತ ಅಪಾಯ. ಅಂಥಲ್ಲಿ ಬೆಳಗ್ಗೆ ಬಿಟ್ಟು ಸಂಜೆ ಮನೆಗೆ ಕರೆತರುವ ಡೇಕೇರ್ ಎಷ್ಟೋ ವಾಸಿ. ಹತ್ತು ಗಂಟೆ ಪಂಪಿನಲ್ಲಿ ಹರಿಸಿದರೆ ಪ್ರಯೋಜನವಿದೆ. ಆದರೆ ಬುಟ್ಟಿಯಲ್ಲಿ ಕೂರಿಸಿ ಮುಕ್ಕಾಲು ಗಂಟೆಯಲ್ಲಿ 200 ಮಿಲಿಲೀಟರ್ ನುಗ್ಗಿಸಿ ಕಳಿಸುವ ಪದ್ಧತಿ ಇದೆ, ಅದಕ್ಕೆ ಒಪ್ಪಬೇಡಿ. ಅಷ್ಟು ನೀರು ಅಷ್ಟು ಬೇಗ ತಡೆದುಕೊಳ್ಳುವ ಹೃದಯ ಮುದಿ ಬೆಕ್ಕಿಗೆ ಇರಲಿಕ್ಕಿಲ್ಲ.

ಹೃದಯದ ಮಾತು ಬಂತಲ್ಲ, ಐಸಿಯುನಲ್ಲಿ ಬೆಕ್ಕುಗಳು ಸೋಲುವ ಒಂದು ದೊಡ್ಡ ದಾರಿ ಇದು. ಬೆಕ್ಕಿಗೆ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಸದ್ದಿಲ್ಲದೆ ಇರುತ್ತದೆ, ಸ್ಟೆತಸ್ಕೋಪಿಗೂ ಎಷ್ಟೋ ಸಲ ಸಿಗುವುದಿಲ್ಲ. ಡ್ರಿಪ್ ಹೆಚ್ಚಾದರೆ ನೀರು ಶ್ವಾಸಕೋಶದಲ್ಲೋ ಎದೆಗೂಡಿನಲ್ಲೋ ತುಂಬುತ್ತದೆ. ನಿದ್ದೆಯಲ್ಲಿರುವ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡಬಾರದು. ಭೇಟಿಗೆ ಹೋದಾಗ ಎದೆ ಏಳುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 28 ಇದ್ದದ್ದು 44 ಆಗಿದ್ದರೆ ಅಲ್ಲೇ ಇರುವವರನ್ನು ಕರೆದು ತೋರಿಸಿ. ತೂಕವೂ ಅಷ್ಟೇ, ದಿನಕ್ಕೆ ಎರಡು ಸಲ ಅದೇ ತಕ್ಕಡಿಯಲ್ಲಿ. ನಮ್ಮ ಲೆಕ್ಕದ ಬೆಕ್ಕು 250 ಗ್ರಾಂ ಏರಿದರೆ ಬಾಕಿ ತೀರಿತು ಅಂತ. 500 ಗ್ರಾಂ ಏರಿ ಮೂತ್ರ ಕಡಿಮೆಯಿದ್ದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ.

ರಕ್ತಹೀನತೆಯದು ಇನ್ನೊಂದು ತಕರಾರು, ಇದರಿಂದ ಆಸ್ಪತ್ರೆಗೂ ಮನೆಯವರಿಗೂ ಜಗಳವೇ ಆಗುತ್ತದೆ. ಮೊದಲ ದಿನ ರಕ್ತಕಣಗಳ ಪ್ರಮಾಣ ಶೇಕಡ 26, ಮೂರನೇ ದಿನ 18. "ಚೆನ್ನಾಗಿದ್ದ ಬೆಕ್ಕನ್ನು ಕೊಟ್ಟಿದ್ದೆವು, ಹಾಳುಮಾಡಿದಿರಿ" ಎಂಬ ಕೂಗು. ನಿಜ ಏನೆಂದರೆ ಒಣಗಿದ ಮೈಯಲ್ಲಿ ರಕ್ತ ಗಟ್ಟಿಯಾಗಿ 26 ಎಂದು ಕಂಡಿತ್ತು, ನೀರು ತುಂಬಿದ ಮೇಲೆ ಕಾಣುವುದೇ ಅದರ ಅಸಲಿ ಬಂಡವಾಳ. ರಕ್ತ ಉತ್ಪತ್ತಿಗೆ ಆಜ್ಞೆ ಕೊಡುವ ಹಾರ್ಮೋನು ಬರುವುದೇ ಮೂತ್ರಪಿಂಡದಿಂದ. ಜೊತೆಗೆ, 3.2 ಕಿಲೋ ಬೆಕ್ಕಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ 200 ಮಿಲಿಲೀಟರಿನ ಒಳಗೆ. ದಿನಕ್ಕೆ ಎರಡು ಸಲ 3 ಮಿಲಿಲೀಟರ್ ಎಳೆದರೆ ಪರೀಕ್ಷೆಯೇ ರಕ್ತ ಕುಡಿದಂತೆ. ಚಿಕ್ಕ ಟ್ಯೂಬಿನಲ್ಲಿ, ಬೇಕಾದಷ್ಟೇ ತೆಗೆಯಲು ಹೇಳಿ. ರಕ್ತ ಕೊಡಬೇಕಾಗಿ ಬಂದರೆ ಗುಂಪು ನೋಡದೆ ಒಂದು ಹನಿಯೂ ಬೇಡ. ಬೆಕ್ಕುಗಳಿಗೆ ಎ, ಬಿ, ಎಬಿ ಗುಂಪುಗಳಿವೆ, ಬೇರೆ ಗುಂಪಿನ ವಿರುದ್ಧ ಪ್ರತಿಕಾಯ ಎಳವೆಯಲ್ಲೇ ತಾನಾಗಿ ಬೆಳೆದುಬಂದಿರುತ್ತದೆ. ನಾಯಿಗೆ ಮೊದಲ ಸಲ ಹೇಗೋ ನಡೆದೀತು, ಬೆಕ್ಕಿಗೆ ನಡೆಯುವುದಿಲ್ಲ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಕೆಲವೇ ಮಿಲಿಲೀಟರ್ ಹೋದರೂ ಜೀವಕ್ಕೆ ಸಂಚಕಾರ.

ಊಟದ ವಿಷಯಕ್ಕೆ ಬಂದರೆ, ಇಲ್ಲಿ ಮನೆಯವರ ಪ್ರೀತಿಯೇ ಕೆಲಸ ಕೆಡಿಸುವುದುಂಟು. ಬೆಕ್ಕು ಉಣ್ಣುತ್ತಿಲ್ಲ ಅಂದರೆ ಹಸಿವಿಲ್ಲ ಅಂತಲ್ಲ. ಹೊಟ್ಟೆ ತೊಳಸುತ್ತಿದೆ, ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿದೆ. ತುಟಿ ನೆಕ್ಕುವುದು, ಬರಿದೇ ನುಂಗುವುದು, ಜೊಲ್ಲು ಇವು ಓಕರಿಕೆಯ ಗುರುತು. ಮೊದಲು ಮರೋಪಿಟಂಟ್‌ನಂಥ ವಾಂತಿ ತಡೆಯುವ ಔಷಧ, ಆಮೇಲೆ ಹಸಿವಿನದು. ಮಿರ್ಟಜಪಿನ್ ಕೊಡುವುದಾದರೆ ಮೂತ್ರಪಿಂಡ ಸೋತ ಬೆಕ್ಕಿಗೆ 7.5 ಮಿಲಿಗ್ರಾಂ ಮಾತ್ರೆಯ ಕಾಲುಭಾಗ, ಅದೂ ದಿನ ಬಿಟ್ಟು ದಿನ. ಹೆಚ್ಚಾದರೆ ರಾತ್ರಿಯಿಡೀ ಕೂಗುತ್ತ ಮನೆ ಸುತ್ತುತ್ತದೆ. ಬಾಯಿ ಒತ್ತಿ ಹಿಡಿದು ಸಿರಿಂಜಿನಲ್ಲಿ ಹಾಲನ್ನ ತುರುಕುವುದನ್ನು ಮಾತ್ರ ನಿಲ್ಲಿಸಿ. ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ, ಹೋಗದಿದ್ದರೂ ಊಟ ಅಂದರೆ ಹಿಂಸೆ ಎಂದು ಕಲಿಯುತ್ತದೆ. ಕಿಡ್ನಿ ಡಯಟ್ ಎಂದು ಮಾರುವ ಆಹಾರವನ್ನೂ ಈ ವಾರದಲ್ಲಿ ಪರಿಚಯಿಸಬೇಡಿ. ಓಕರಿಕೆಯ ಹೊತ್ತಿನಲ್ಲಿ ಮೂಸಿದ್ದನ್ನು ಬೆಕ್ಕು ಜನ್ಮದಲ್ಲಿ ಮುಟ್ಟುವುದಿಲ್ಲ. ಬೇಯಿಸಿದ ಬೂತಾಯಿ ಮೀನಿನ ಒಂದು ಚೂರು ನೆಕ್ಕಿದರೂ ಈಗ ಲಾಭವೇ, ಸೋತ ಮೂತ್ರಪಿಂಡಕ್ಕೆ ಭಾರವಾಗುವ ರಂಜಕದ ಲೆಕ್ಕ ಆಮೇಲೆ.

ಮೂರು ದಿನಕ್ಕಿಂತ ಹೆಚ್ಚು ಉಪವಾಸ ಬಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಎರಡನೇ ಕಾಯಿಲೆ ಶುರುವಾಗುತ್ತದೆ. ಅದಕ್ಕೇ ಟ್ಯೂಬು. ಮೂಗಿನಿಂದ ಇಳಿಸುವ ತೆಳ್ಳನೆಯದಕ್ಕೆ ಅರಿವಳಿಕೆ ಬೇಡ, ಆದರೆ ಅದರಲ್ಲಿ ಬರೀ ನೀರಾಹಾರ ಹೋಗುತ್ತದೆ, ಕೆಲವೇ ದಿನ ನಡೆಯುತ್ತದೆ. ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಹಾಕುವುದಕ್ಕೆ ಹದಿನೈದು ನಿಮಿಷದ ಅರಿವಳಿಕೆ ಬೇಕು, ತಿಂಗಳುಗಟ್ಟಲೆ ಇರುತ್ತದೆ, ಮಾತ್ರೆಗಳೂ ಅದರಲ್ಲೇ. ಅದನ್ನು ನೋಡಿದ ನೆಂಟರು "ಅಯ್ಯೋ ಪಾಪ" ಅನ್ನುತ್ತಾರೆ. ಬೆಕ್ಕಿಗೆ ಮಾತ್ರ ದಿನಕ್ಕೆ ನಾಲ್ಕು ಸಲ ಬಾಯಿ ಬಿಡಿಸಿ ಮಾತ್ರೆ ನುಂಗಿಸುವುದಕ್ಕಿಂತ ಇದು ಸಲೀಸು. ಪ್ರಮಾಣ ಹೀಗೆ: 3.2 ಕಿಲೋ ಬೆಕ್ಕಿಗೆ ವಿಶ್ರಾಂತಿಯಲ್ಲಿ ಬೇಕಾಗುವುದು ದಿನಕ್ಕೆ ಸುಮಾರು 165 ಕ್ಯಾಲೊರಿ. ಮಿಲಿಲೀಟರಿಗೆ ಒಂದು ಕ್ಯಾಲೊರಿಯಂತೆ ರುಬ್ಬಿ ಸೋಸಿದ ಆಹಾರವಾದರೆ 165 ಮಿಲಿಲೀಟರ್, ಐದು ಸಲಕ್ಕೆ 33ರಂತೆ. ಮೊದಲ ದಿನ ಮೂರನೇ ಒಂದು ಪಾಲು, ಎರಡನೇ ದಿನ ಮೂರನೇ ಎರಡು, ಮೂರನೇ ದಿನ ಪೂರ್ತಿ. ಉಪವಾಸ ಬಿದ್ದ ಮೈಗೆ ಒಮ್ಮೆಲೇ ತುಂಬಿದರೆ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿಯುತ್ತವೆ. ಪ್ರತಿ ಸಲ ಮೊದಲು 3 ಮಿಲಿಲೀಟರ್ ಬೆಚ್ಚನೆ ನೀರು ಬಿಟ್ಟು ನೋಡಬೇಕು. ಕೆಮ್ಮಿದರೆ ನಿಲ್ಲಿಸಿ, ಟ್ಯೂಬು ಜಾಗ ತಪ್ಪಿರಬಹುದು. ಆಹಾರ ಹತ್ತು ಹದಿನೈದು ನಿಮಿಷದಲ್ಲಿ, ಕೊನೆಗೆ ಮತ್ತೆ 5 ಮಿಲಿಲೀಟರ್ ನೀರು. ಈ ಕೊನೆಯ ನೀರು ಮರೆತ ದಿನವೇ ಟ್ಯೂಬು ಕಟ್ಟಿಕೊಳ್ಳುವುದು.

ಈಗ ಗಡುವು. ಅಡ್ಮಿಟ್ ಮಾಡುವ ದಿನವೇ, ಫಾರ್ಮಿಗೆ ಸಹಿ ಹಾಕುವ ಮೊದಲು, ಮೂರನೇ ದಿನ ಬೆಳಗ್ಗೆ ಏನು ಕಂಡರೆ ಮುಂದುವರಿಯುವುದು, ಏನು ಕಂಡರೆ ನಿಲ್ಲಿಸುವುದು ಎಂದು ವೈದ್ಯರ ಜೊತೆ ಕೂತು ಬರೆದಿಟ್ಟುಕೊಳ್ಳಿ. ಹಾಗೆ ಮಾಡದಿದ್ದರೆ "ಇನ್ನೊಂದು ದಿನ ನೋಡೋಣ" ಎಂಬುದು ಹತ್ತು ದಿನ ಎಳೆಯುತ್ತದೆ. ಅಷ್ಟು ಖರ್ಚು ಮಾಡಿದ ಮೇಲೆ ಬಿಡುವುದು ಹೇಗೆ ಎಂಬ ಜೂಜಿನ ಲೆಕ್ಕ ಶುರುವಾಗುತ್ತದೆ. ಬರೆದಿಡಬೇಕಾದದ್ದು ನಾಲ್ಕೇ ಸಂಗತಿ. ಕ್ರಿಯಾಟಿನಿನ್ ಎಷ್ಟು ಅನ್ನುವುದಕ್ಕಿಂತ ಯಾವ ದಿಕ್ಕಿಗೆ ಹೋಗುತ್ತಿದೆ: 9.4, 7.1, 5.6 ಆದರೆ ಮುಂದುವರಿಯಲು ಕಾರಣವಿದೆ. ನೀರಿನ ಬಾಕಿ ತೀರಿದ ಮೇಲೂ 9ರಲ್ಲೇ ನಿಂತಿದ್ದರೆ ಇಲ್ಲ. ಎರಡನೆಯದು ಮೂತ್ರ. ಕಿಲೋಗೆ ಗಂಟೆಗೆ 1 ಮಿಲಿಲೀಟರಿನಂತೆ ಈ ಬೆಕ್ಕು ದಿನಕ್ಕೆ ಕನಿಷ್ಠ 77 ಮಿಲಿಲೀಟರ್ ಹೊಯ್ಯಬೇಕು, ಡ್ರಿಪ್‌ನಲ್ಲಿದ್ದಾಗ ಇನ್ನೂ ಹೆಚ್ಚು. ಅಳೆಯಲು ಕ್ಯಾಥೆಟರ್ ಬೇಕಿಲ್ಲ, ಒಣ ಪ್ಯಾಡಿನ ತೂಕ ಬರೆದುಕೊಂಡು ಒದ್ದೆಯದನ್ನು ತೂಗಿದರೆ ಹೆಚ್ಚಿದ ಪ್ರತಿ ಗ್ರಾಂ ಒಂದು ಮಿಲಿಲೀಟರ್. ಮೂರನೆಯದು ಪೊಟ್ಯಾಸಿಯಂ. ಇಳಿದರೆ ಬೆಕ್ಕು ಕತ್ತು ಎತ್ತಲಾರದೆ ಗಲ್ಲ ಎದೆಗೆ ತಾಗಿಸಿ ಕೂರುತ್ತದೆ, ಇದನ್ನು ಸರಿಪಡಿಸಬಹುದು. ಮೂತ್ರ ನಿಂತು ಪೊಟ್ಯಾಸಿಯಂ ಏರುತ್ತ ಹೋದರೆ ಹೃದಯ ನಿಲ್ಲುವ ದಾರಿ.

ನಾಲ್ಕನೆಯದು ಮುಖ. ಬೆಕ್ಕು ನೋವನ್ನು ಕೂಗಿ ಹೇಳುವುದಿಲ್ಲ, ಆದರೆ ಮುಖದಲ್ಲಿ ಬರೆದಿರುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಳತೆಗೋಲು ಐದು ಗುರುತು ನೋಡುತ್ತದೆ. ಕಿವಿ ಎದುರಿಗೆ ನಿಮಿರಿದೆಯೋ, ಹೊರಕ್ಕೆ ತಿರುಗಿ ಚಪ್ಪಟೆಯಾಗಿದೆಯೋ. ಕಣ್ಣು ತೆರೆದಿದೆಯೋ, ಹಿಂಡಿದಂತಿದೆಯೋ. ಮೂತಿ ದುಂಡಗಿದೆಯೋ, ಬಿಗಿದು ಉದ್ದವಾಗಿದೆಯೋ. ಮೀಸೆ ಸಡಿಲವಾಗಿ ಬಾಗಿದೆಯೋ, ನೆಟ್ಟಗೆ ಮುಂದಕ್ಕೆ ಚಾಚಿದೆಯೋ. ತಲೆ ಭುಜಕ್ಕಿಂತ ಮೇಲಿದೆಯೋ, ಕೆಳಗಿದೆಯೋ. ಒಂದೊಂದಕ್ಕೆ 0ಯಿಂದ 2 ಅಂಕ, ಒಟ್ಟು 10ರಲ್ಲಿ 4 ಬಂದರೆ ನೋವಿಗೆ ಔಷಧ ಬೇಕು. ಭೇಟಿಗೆ ಹೋದಾಗ ಮೊದಲು ದೂರದಿಂದ ಎರಡು ನಿಮಿಷ ಸುಮ್ಮನೆ ನೋಡಿ, ಆಮೇಲೆ ಹತ್ತಿರ ಹೋಗಿ, ಯಾಕೆಂದರೆ ನಿಮ್ಮನ್ನು ಕಂಡೊಡನೆ ಮುಖ ಬದಲಾಗುತ್ತದೆ. ಮನೆಯ ಹಳೆ ಟವಲು, ಒಳಗೆ ಅಡಗಿ ಕೂರಲು ಒಂದು ರಟ್ಟಿನ ಡಬ್ಬ ಕೊಟ್ಟುಬನ್ನಿ, ನಾಯಿಗಳ ಸಾಲಿನ ಎದುರಿನ ಪಂಜರ ಬೇಡವೆನ್ನಿ. ಮೂರನೇ ದಿನ ಮುಂಗಾಲು ನೆಕ್ಕಿ ಮುಖ ತೊಳೆದುಕೊಂಡ ಬೆಕ್ಕಿಗೆ ರಿಪೋರ್ಟಿನಲ್ಲಿ ಕಾಣದ ಒಂದು ಅಂಕ ಹೆಚ್ಚು ಕೊಡಬಹುದು.

ಇನ್ನೊಂದು ಪ್ರಶ್ನೆಗೂ ಅಂದೇ ಉತ್ತರ ಬರೆದುಕೊಡಿ: ರಾತ್ರಿ ಎರಡಕ್ಕೆ ಹೃದಯ ನಿಂತರೆ ಎದೆ ಒತ್ತಬೇಕೇ, ಬೇಡವೇ? ಅರಿವಳಿಕೆಯ ನಡುವೆ ನಿಂತದ್ದಾದರೆ ವಾಪಸ್ ಬರುವ ಸಾಧ್ಯತೆ ಇದೆ. ಕಾಯಿಲೆಯಿಂದ ಸೋತು ನಿಂತ ಹೃದಯವನ್ನು ಮರಳಿಸಿ ಮನೆಗೆ ಕಳಿಸಿದ ಬೆಕ್ಕುಗಳು ನೂರರಲ್ಲಿ ಹತ್ತಕ್ಕಿಂತ ಕಡಿಮೆ.

ದುಡ್ಡಿನ ಮಾತಿಗೆ ಸುತ್ತುಬಳಸು ಬೇಡ. ದಿನದ ಲೆಕ್ಕದಲ್ಲಿ ಎಸ್ಟಿಮೇಟ್ ಕೇಳಿ: ಪಂಜರ, ಡ್ರಿಪ್, ಪರೀಕ್ಷೆ, ರಾತ್ರಿ ಶುಲ್ಕ ಬೇರೆಬೇರೆಯಾಗಿ. "ನಮ್ಮ ಹತ್ತಿರ ಇಷ್ಟಿದೆ, ಇದರಲ್ಲಿ ಹೆಚ್ಚು ಉಪಯೋಗ ಯಾವುದರಿಂದ?" ಎಂದರೆ ಒಳ್ಳೆಯ ವೈದ್ಯರು ಮುಖ ಸಿಂಡರಿಸುವುದಿಲ್ಲ, ಸ್ಕ್ಯಾನ್ ಮತ್ತು ಮೂತ್ರದ ಪರೀಕ್ಷೆ ಮೊದಲು ಮಾಡಿ ಉಳಿದದ್ದನ್ನು ಮುಂದೂಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜು, ಶಿವಮೊಗ್ಗ, ಹಾಸನ, ಬೀದರ್, ಗದಗದ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖಾಸಗಿಗಿಂತ ಕಡಿಮೆ ಖರ್ಚಿಗೆ ಪರೀಕ್ಷೆ ಆಗುತ್ತದೆ. ಸರತಿ ಕಾಯಲು ಅರ್ಧ ದಿನ ಕೈಬಿಟ್ಟುಕೊಂಡು ಹೋಗಿ. ಅಮೆರಿಕದಲ್ಲಿರುವ ನಮ್ಮವರಿಗೆ ಡಯಾಲಿಸಿಸ್ ಎಂಬ ಇನ್ನೊಂದು ಮೆಟ್ಟಿಲು ಕೆಲವು ಕಡೆ ಸಿಗುತ್ತದೆ. ಅಲ್ಲೂ ಪ್ರಶ್ನೆ ಬದಲಾಗುವುದಿಲ್ಲ, ಇಳಿಸಬಹುದಾದ ಹೊರೆ ಇದ್ದರೆ ಸೇತುವೆ, ಇಲ್ಲದಿದ್ದರೆ ನಡುನೀರು.

ಮನೆಯೊಳಗಿನ ಮಾತುಗಳು ಇನ್ನೂ ಕಠಿಣ. ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಕೇಳಿ ಬೆಳೆದ ಅಜ್ಜಿಗೆ ದಯಾಮರಣದ ಮಾತೇ ನಡುಕ. ಇನ್ನು ಕೆಲವರು, "ಅದಾಗೇ ಊಟ ಬಿಟ್ಟಿದೆ, ಹೋಗಲು ಸಿದ್ಧವಾಗಿದೆ, ಹಾಗೇ ಬಿಡಿ" ಅನ್ನುತ್ತಾರೆ. ಶ್ರವಣಬೆಳಗೊಳ ಇರುವ ನಾಡಿನಲ್ಲಿ ಉಪವಾಸದ ಸಾವಿಗೆ ಒಂದು ಗೌರವವಿದೆ, ಆ ಮಾತು ಬರುವುದು ಅಲ್ಲಿಂದಲೇ ಇರಬಹುದು. ಆದರೆ ಸಲ್ಲೇಖನ ಅರಿತು ಕೈಗೊಳ್ಳುವ ವ್ರತ. ಬೆಕ್ಕು ಊಟ ಬಿಟ್ಟದ್ದು ವೈರಾಗ್ಯದಿಂದಲ್ಲ, ಬಾಯಿಹುಣ್ಣಿನಿಂದ, ಓಕರಿಕೆಯಿಂದ. ಸುಮ್ಮನೆ ಬಿಟ್ಟರೆ ಅದು ದೀಪ ಆರಿದಂತೆ ಹೋಗುವುದಿಲ್ಲ. ವಾಂತಿ, ನಡುಕ, ಕೆಲವೊಮ್ಮೆ ಸೆಳವು ಬಂದು ದಿನಗಟ್ಟಲೆ ಎಳೆಯುತ್ತದೆ. ಚಿಕಿತ್ಸೆ ಬೇಡವೆಂದು ಮನೆಗೆ ಕರೆತಂದರೂ ವಾಂತಿಗೆ, ನೋವಿಗೆ ಔಷಧ ಬೇಕೇ ಬೇಕು. ಅಂಕಪಟ್ಟಿ ಬೇಕೆನ್ನುವವರಿಗೆ ಅಮೆರಿಕದ ಪಶುವೈದ್ಯೆ ಡಾ. ಆಲಿಸ್ ವಿಲ್ಲಲೋಬೋಸ್ ಅವರದ್ದಿದೆ: ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ. ಏಳಕ್ಕೂ 10ರಂತೆ, 35 ದಾಟಿದರೆ ನಡೆದೀತು. ಇದರಲ್ಲೊಂದು ದೋಷವಿದೆ, ಶುಚಿಗೆ ಬಂದ 9 ನೋವಿನ 1ನ್ನು ಮುಚ್ಚಿಹಾಕುತ್ತದೆ. ಒಟ್ಟು ಮೊತ್ತಕ್ಕಿಂತ ಅತಿ ಕಡಿಮೆ ಅಂಕ ಯಾವುದಕ್ಕೆ ಎಂದು ನೋಡುವುದು ಲೇಸು. ಮನೆಯಲ್ಲಿ ಒಮ್ಮತ ಬರದಿದ್ದರೆ, ನಾಳೆಯಿಂದ ಸೂಜಿ ಹಿಡಿಯುವವರು ಯಾರೋ ಅವರ ಮಾತಿಗೆ ತೂಕ ಜಾಸ್ತಿ ಇರಲಿ.

ಸೂಜಿ ಅಂದದ್ದು ಬಾಯಿಮಾತಿಗಲ್ಲ. ಬೆಕ್ಕು ಗೆದ್ದು ಮನೆಗೆ ಬಂದರೆ ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಚರ್ಮದಡಿ 100 ಮಿಲಿಲೀಟರಿನಷ್ಟು ಆರ್‌ಎಲ್ ಕೊಡುವ ಕೆಲಸ ಮನೆಯವರದ್ದೇ. ಬಾಟಲಿಯನ್ನು ಬೆಚ್ಚನೆ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ, ಮಗುವಿನ ಹಾಲಿನ ಹಾಗೆ. ಪ್ರತಿ 100ಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ. ಕಿಟಕಿಯ ಸರಳಿಗೆ ಬೆಕ್ಕಿಗಿಂತ ಮೂರಡಿ ಮೇಲೆ ತೂಗುಹಾಕಿ, ನಳಿಗೆಯ ಗಾಳಿ ಪೂರ್ತಿ ಬಿಡಿ. ಸೂಜಿ 20 ಗೇಜ್, ಪ್ರತಿ ಸಲ ಹೊಸದು. ಒಮ್ಮೆ ಚುಚ್ಚಿದ ಸೂಜಿಯ ಮೊನೆ ಮೊಂಡಾಗಿ ಎರಡನೇ ಸಲ ನೋಯಿಸುತ್ತದೆ. ಹೆಗಲ ನಡುವೆ ಚರ್ಮವನ್ನು ಟೆಂಟಿನಂತೆ ಎತ್ತಿ, ಸೂಜಿಯ ಓರೆಬಾಯಿ ಮೇಲಿರುವಂತೆ, ಬೆನ್ನಿಗೆ ಸಮಾಂತರವಾಗಿ ಟೆಂಟಿನ ಬುಡಕ್ಕೆ ತಳ್ಳಿ. ಹಿಂದೆಮುಂದೆ ನೋಡುತ್ತ ಮೆಲ್ಲಗೆ ಒತ್ತುವುದೇ ಹೆಚ್ಚು ನೋವು. ತುಪ್ಪಳ ಒದ್ದೆಯಾದರೆ ಸೂಜಿ ಇನ್ನೊಂದು ಬದಿಯಿಂದ ಹೊರಬಂದಿದೆ. ಐದು ಹತ್ತು ನಿಮಿಷಕ್ಕೆ ಹೆಗಲ ಮೇಲೆ ಒಂಟೆಯ ಡುಬ್ಬ ಏಳುತ್ತದೆ, ಆಮೇಲೆ ಜಾರಿ ಮುಂಗಾಲಿನತ್ತ ಇಳಿಯುತ್ತದೆ. ಹೆದರಬೇಡಿ. ಆದರೆ ಮರುದಿನವೂ ಹಾಗೇ ಇದ್ದರೆ ಹೊಸದು ಕೊಡದೆ ಫೋನ್ ಮಾಡಿ, ಉಸಿರೂ ಎಣಿಸಿ. ಡೆಕ್ಸ್‌ಟ್ರೋಸ್, ಅದೇ ಆ "ಗ್ಲೂಕೋಸ್" ಬಾಟಲಿ, ಚರ್ಮದಡಿಗೆ ಬೇಡವೇ ಬೇಡ. ಸೀಲ್ ಒಡೆದ ಬಾಟಲಿಯನ್ನು ದಿನಗಟ್ಟಲೆ ಇಡಬೇಡಿ, ಮಸುಕು ಕಂಡರೆ ಚೆಲ್ಲಿ. ಬಳಸಿದ ಸೂಜಿಗಳಿಗೆ ದಪ್ಪ ಪ್ಲಾಸ್ಟಿಕ್ ಡಬ್ಬ, ಕಸದ ಬುಟ್ಟಿ ಅಲ್ಲ. ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಮೂರನೇ ದಿನದ ಉತ್ತರ ಬೇರೆಯಾಗಿದ್ದರೆ ಒಂದು ಸಣ್ಣ ಮಾತು: ಕ್ಯಾನುಲಾ, ಅಂದರೆ ಡ್ರಿಪ್‌ಗೆಂದು ನರದಲ್ಲಿ ಕೂರಿಸಿದ ನಳಿಗೆ, ತೆಗೆಸಬೇಡಿ. ರಕ್ತದೊತ್ತಡ ಬಿದ್ದುಹೋದ ಬೆಕ್ಕಿನಲ್ಲಿ ಹೊಸ ನರ ಹುಡುಕುವುದು ಅದಕ್ಕೂ ವೈದ್ಯರಿಗೂ ಹಿಂಸೆ. ಮನೆಯಲ್ಲೇ ಆಗಲಿ ಎಂದಿದ್ದರೆ ಕ್ಯಾನುಲಾ ಇರಿಸಿಕೊಂಡೇ ಕರೆತನ್ನಿ. ಮೊದಲು ಮಂಪರಿನ ಸೂಜಿ ಕೊಡಲು ಹೇಳಿ, ಐದು ಹತ್ತು ನಿಮಿಷದಲ್ಲಿ ತಲೆ ವಾಲುತ್ತದೆ. ಆಮೇಲೆ ನರದೊಳಗೆ ಅರಿವಳಿಕೆಯ ಔಷಧವೇ, ಅತಿ ಹೆಚ್ಚು ಪ್ರಮಾಣದಲ್ಲಿ. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಕಣ್ಣು ತೆರೆದೇ ಇರುತ್ತದೆ, ಮುಚ್ಚಿದರೂ ನಿಲ್ಲುವುದಿಲ್ಲ. ಮೂತ್ರ ಹೋಗುತ್ತದೆ, ಕೆಳಗೊಂದು ಪ್ಯಾಡ್ ಹಾಕಿರಿ. ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರು ಎಳೆದಂತೆ ಎದೆ ಅಲುಗಬಹುದು, ಅದು ಸ್ನಾಯುವಿನ ಚಲನೆ, ಜೀವವಲ್ಲ. ಮಕ್ಕಳು ಪಕ್ಕದಲ್ಲಿದ್ದರೆ ಇದನ್ನೆಲ್ಲ ಮೊದಲೇ ಹೇಳಿರಬೇಕು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಬಂದು ಮೂಸಲು ಬಿಡಿ. ಎಷ್ಟೋ ಸಲ ಅದು ಮೂಸಿ, ಪಕ್ಕಕ್ಕೆ ಹೋಗಿ ಮೈ ನೆಕ್ಕಿಕೊಳ್ಳುತ್ತದೆ.

ಹೂಳುವುದಾದರೆ ಗುಂಡಿ ಮೂರಡಿಗೆ ಕಡಿಮೆ ಬೇಡ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ. ಮೇಲೊಂದು ಚಪ್ಪಡಿ ಕಲ್ಲು ಎಳೆಯಿರಿ. ಆ ಔಷಧ ಮೈಯಲ್ಲಿ ಬಹುಕಾಲ ಉಳಿಯುತ್ತದೆ, ಬೀದಿನಾಯಿ ಕೆದಕಿ ತಿಂದರೆ ಅದಕ್ಕೂ ವಿಷ. ಅಪಾರ್ಟ್‌ಮೆಂಟಿನವರಿಗೆ ಪ್ರಾಣಿಗಳ ಚಿತಾಗಾರವೇ ದಾರಿ, ಫೋನ್ ನಂಬರನ್ನು ಕ್ಲಿನಿಕ್ಕಿನಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ಸೀಲ್ ಒಡೆಯದ ಆರ್‌ಎಲ್ ಬಾಟಲಿ, ಸೂಜಿ ಪೊಟ್ಟಣ ಉಳಿದಿದ್ದರೆ ಅಲ್ಲಿಗೇ ಕೊಟ್ಟುಬಿಡಬಹುದು, ಬೇಕಾದವರು ಇದ್ದೇ ಇರುತ್ತಾರೆ. ಒಡೆದದ್ದನ್ನು ಸಿಂಕಿಗೆ ಚೆಲ್ಲಿ.